ತಕರಾರು ಅರ್ಜಿಯ ನಾಲ್ಕನೆಯ ಅಂಶ

ಅರ್ಜಿ ಬರೆದದ್ದು ನಾನೇ. ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನ ನಿವಾಸಿಗಳ ಸಂಘದಲ್ಲಿ ಏನೇ ಬರೆಯುವುದಿದ್ದರೂ ಕಾಗದ ನನ್ನ ಕಡೆಗೇ ಬರುತ್ತದೆ. ಬೀದಿ ದೀಪದ ಮನವಿ, ಗಣೇಶೋತ್ಸವದ ಜಮಾಖರ್ಚು, ವಾರ್ಷಿಕ ಸಭೆಯ ಠರಾವು, ಎಲ್ಲಕ್ಕೂ "ಅಕ್ಕಾವರೇ, ನಿಮ್ಮ ಕೈಯಿಂದಲೇ ಆಗಲಿ" ಎನ್ನುತ್ತಾರೆ. ನಮ್ಮ ರಸ್ತೆಯ ತುದಿಯ ಮೈದಾನದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಯೊಂದು ಶಾಲೆ ಕಟ್ಟಲು ಹೊರಟಿದೆ, ಅದಕ್ಕಾಗಿ ಭೂಬಳಕೆ ಬದಲಾವಣೆಯ ಪ್ರಸ್ತಾವವಿದೆ, ಆಕ್ಷೇಪಣೆ ಇದ್ದವರು ಹದಿನೈದು ದಿನಗಳೊಳಗೆ ಸಲ್ಲಿಸಬೇಕು ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ ರಾತ್ರಿಯೇ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರಿದೆವು. ಒಬ್ಬೊಬ್ಬರು ಒಂದೊಂದು ಅಂಶ ಹೇಳಿದರು, ನಾನು ಬರೆದುಕೊಂಡೆ. ಒಂದು, ನಕ್ಷೆಯಲ್ಲಿ ಆ ಜಾಗ ಆಟದ ಮೈದಾನವೆಂದಿದೆ. ಎರಡು, ಅಲ್ಲಿನ ಬೇವು ಹೊಂಗೆಗಳನ್ನು ಕಡಿಯಬೇಕಾಗುತ್ತದೆ. ಮೂರು, ಮೂವತ್ತು ಅಡಿಯ ರಸ್ತೆಗೆ ಶಾಲಾ ಬಸ್ಸುಗಳನ್ನು ತಾಳಿಕೊಳ್ಳುವ ಶಕ್ತಿಯಿಲ್ಲ. ನಾಲ್ಕು, ಹೊರಗಿನ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಬಂದುಹೋಗುವುದರಿಂದ ಬಡಾವಣೆಯ ಶಾಂತಿಗೂ ಭದ್ರತೆಗೂ ಧಕ್ಕೆಯಾಗುತ್ತದೆ. ಐದು, ನೀರು.

ನಾಲ್ಕನೆಯದನ್ನು ಯಾರು ಹೇಳಿದರು ಎಂಬುದು ನೆನಪಿದೆ, ಆದರೆ ಅದು ಮುಖ್ಯವಲ್ಲ. ಹೇಳಿದವರಿಗಿಂತ ಬರೆದವಳ ಹೊಣೆ ದೊಡ್ಡದು. ಆ ಸಾಲಿಗೆ ಒಂದು ಸರಿಯಾದ ಆಕಾರ ಕೊಟ್ಟು, 'ಗಲಾಟೆ' ಎಂದಿದ್ದ ಕಡೆ 'ಧಕ್ಕೆ' ಎಂದು ತಿದ್ದಿ, ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಚಹಾ ಕುಡಿದು ಎದ್ದೆವು. ಮನೆಗೆ ಬಂದು ಕದ ಹಾಕಿಕೊಳ್ಳುವಾಗ ಆ ಎರಡು ಪದಗಳು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡವು. ಹೊರಗಿನ ಮಕ್ಕಳು. ಈ ಊರಿನಲ್ಲಿ, ನವನಗರದಲ್ಲಿ, ಹೊರಗಿನವರಲ್ಲದವರು ಯಾರಿದ್ದಾರೆ?

ಟ್ರ್ಯಾಕ್ಟರಿನಲ್ಲಿ ಬಂದ ಗಂಟೆ

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆ ಸಿಕ್ಕು, ಅಲ್ಲಿಂದ ಎದ್ದವರಿಗಾಗಿ ಈ ನವನಗರ ಹುಟ್ಟಿದ ಕಥೆಯನ್ನು ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರು ನಮ್ಮ ಹೊಸ್ತಿಲಿಗೆ ಬರುವ ಹೊತ್ತಿಗೆ ಮೂರು ದಶಕ ಕಳೆದಿತ್ತು. ಅಷ್ಟು ವರ್ಷ ಹಳೆಯ ಊರಿನಲ್ಲಿ ಯಾರೂ ಮನೆಗೆ ಸರಿಯಾಗಿ ಸುಣ್ಣ ಹಚ್ಚಲಿಲ್ಲ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಹೇಗೂ ಮುಳುಗುವ ಮನೆ, ಯಾಕೆ ಖರ್ಚು ಎಂಬ ಲೆಕ್ಕ. ನಮ್ಮದು ಕಿಲ್ಲಾ ಓಣಿ. ಘಟಪ್ರಭೆಗೆ ಹತ್ತಿರ, ಆದ್ದರಿಂದ ಹಿನ್ನೀರಿಗೂ ಹತ್ತಿರ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆರನೆಯ ತರಗತಿಯಲ್ಲಿದ್ದಾಗ ಓಣಿ ಒಂದೊಂದೇ ಮನೆಯಾಗಿ ಬಿಚ್ಚಿಕೊಳ್ಳತೊಡಗಿತು. 'ಬಿಚ್ಚುವುದು' ಎಂಬುದು ನಮ್ಮ ಮಾತು. ಮನೆ ಕೆಡವುವುದಿಲ್ಲ, ಬಿಚ್ಚುತ್ತಾರೆ. ಮೊದಲು ಬಾಗಿಲು, ಆಮೇಲೆ ಚೌಕಟ್ಟು, ತೊಲೆ, ಕಂಬ, ಕೊನೆಗೆ ನೆಲದ ಫರಸಿ. ಬಿಚ್ಚಿದ್ದೆಲ್ಲ ಗಾಡಿಗೆ, ಟ್ರ್ಯಾಕ್ಟರಿಗೆ. ಮಣ್ಣಿನ ಗೋಡೆ ಮಾತ್ರ ನೀರಿನ ಪಾಲಿಗೆ.

ನಮ್ಮ ಶಾಲೆಯನ್ನೂ ಹಾಗೆಯೇ ಬಿಚ್ಚಿದರು. ಕಪಾಟು, ಕುರ್ಚಿ, ನಕಾಶೆಗಳು, ಗಾಂಧೀಜಿಯ ಪಟ ಟ್ರ್ಯಾಕ್ಟರು ಏರಿದವು. ಗಂಟೆಯೆಂದರೆ ರೈಲು ಹಳಿಯ ಒಂದು ತುಂಡು, ಮೊಳದುದ್ದದ್ದು. ಅದನ್ನು ಹೆಡ್‌ಮಾಸ್ತರರು ಯಾರಿಗೂ ಕೊಡದೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಟ್ರೇಲರಿನಲ್ಲಿ ಕೂತರು. ನಾವು ಐದಾರು ಹುಡುಗಿಯರು ಅದೇ ಟ್ರೇಲರಿನಲ್ಲಿ ಕಪಾಟಿಗೆ ಒರಗಿ ಕೂತಿದ್ದೆವು. ದಾರಿ ಕೆಟ್ಟದ್ದು. ಪ್ರತಿ ಕುಣಿಗೂ ಟ್ರೇಲರು ಎಗರಿದಾಗ ಹಳಿ ಅವರ ತೊಡೆಯ ಮೇಲೆ ಕುಟ್ಟುತ್ತಿತ್ತು, ಅವರು ಅದನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದರು. ನವನಗರ ಆಗ ಬರೀ ಮೊರಡಿ. ಕಲ್ಲು, ಗಾಳಿ, ಸುಣ್ಣದ ಪುಡಿಯಿಂದ ಎಳೆದ ಗೆರೆಗಳು. ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿ ಈ ಊರಿನ ಯೋಜನೆ ಮಾಡಿದವರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಕಂಡದ್ದು ಮನೆಗಳಿಲ್ಲದ ರಸ್ತೆಗಳು ಮಾತ್ರ.

ಶಾಲೆಗೆ ಕಟ್ಟಡ ಇನ್ನೂ ಆಗಿರಲಿಲ್ಲ. ಎರಡು ತಗಡಿನ ಶೆಡ್ಡುಗಳಲ್ಲಿ ಏಳು ತರಗತಿ. ಚೈತ್ರದ ಬಿಸಿಲಿಗೆ ತಗಡು ಕಾದು ಮಧ್ಯಾಹ್ನದ ಹೊತ್ತಿಗೆ ಒಳಗೆ ಕೂರುವುದು ಆಗುತ್ತಿರಲಿಲ್ಲ, ಪಕ್ಕದ ಖಾಲಿ ನಿವೇಶನಗಳ ಬೇಲಿಗಿಡದ ನೆರಳಿಗೆ ಓಡುತ್ತಿದ್ದೆವು. ನಮಗಿಂತ ಮೊದಲು ಬಂದು ಮನೆ ಕಟ್ಟಿಕೊಂಡಿದ್ದ ಯಜಮಾನರೊಬ್ಬರು ಒಂದು ದಿನ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. "ಮಾಸ್ತರೇ, ಈ ಕಿಲ್ಲಾದ ಹುಡುಗರು ನನ್ನ ಜಾಗ ತುಳಿಯುವುದು ಎಂದಿಗೆ ನಿಲ್ಲುತ್ತದೆ?" ಎಂದು ಕೇಳಿದರು. ಅವರೂ ಹಳೆಯ ಊರಿನವರೇ, ಅಲ್ಲಿನ ಹೊಸಪೇಟೆ ಓಣಿಯ ಕಡೆಯವರು. ಎರಡು ವರ್ಷ ಮೊದಲು ಬಂದಿದ್ದರು, ಅಷ್ಟೇ. ಹೆಡ್‌ಮಾಸ್ತರರು ಉತ್ತರ ಕೊಡಲಿಲ್ಲ. ಮರುದಿನ ಹಳಿಯನ್ನು ಶೆಡ್ಡಿನಿಂದ ಬಿಚ್ಚಿಸಿ, ರಸ್ತೆಯ ತುದಿಯಲ್ಲಿ ಮೈದಾನವೆಂದು ಕಲ್ಲು ನೆಟ್ಟಿದ್ದ ಜಾಗದ ಒಂದೇ ಒಂದು ಬೇವಿನ ಗಿಡಕ್ಕೆ ತೂಗುಹಾಕಿಸಿದರು. ಅಂದಿನಿಂದ ಪ್ರಾರ್ಥನೆ ಅಲ್ಲಿ, ಆಟ ಅಲ್ಲಿ, ಮಧ್ಯಾಹ್ನದ ಮೇಲಿನ ಪಾಠಗಳೂ ಅಲ್ಲಿ. ಅದೇ ಈಗ ತಕರಾರಿನಲ್ಲಿರುವ ಮೈದಾನ.

ಆಮೇಲೆ ಶಾಲೆಗೆ ಹಿಂದಿನ ರಸ್ತೆಯಲ್ಲಿ ಕಟ್ಟಡ ಆಯಿತು, ಹಳಿ ಅಲ್ಲಿಗೆ ಹೋಯಿತು. ಈಗಲೂ ಅದರದೇ ಸದ್ದು, ನಮ್ಮ ಅಡುಗೆಮನೆಗೆ ಕೇಳುತ್ತದೆ. ಕಟ್ಟಡಕ್ಕೆ ಸಿಕ್ಕ ಜಾಗ ಇಕ್ಕಟ್ಟು, ಅಂಗಳ ಬಿಸಿಯೂಟದ ಸಾಲಿಗೇ ಸಾಲದು. ಆದ್ದರಿಂದ ಆಟದ ಅವಧಿಗೆ ಮಕ್ಕಳು ಇಂದಿಗೂ ಸಾಲುಗಟ್ಟಿ ಮೈದಾನಕ್ಕೇ ಬರುತ್ತಾರೆ. ಖೋಖೋ ಕಂಬಗಳು ಆ ಶಾಲೆಯವರೇ ನೆಟ್ಟವು. ದಿನವೂ ಕಣ್ಣಿಗೆ ಬೀಳುವ ಈ ದೃಶ್ಯ ನಮ್ಮ ಐದು ಅಂಶಗಳಲ್ಲಿ ಎಲ್ಲಿಯೂ ಇರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ. ಸಂಘದ ಸದಸ್ಯರಲ್ಲಿ ಒಬ್ಬರ ಮಕ್ಕಳೂ ಆ ಶಾಲೆಗೆ ಹೋಗುವುದಿಲ್ಲ. ನನ್ನ ಮಗಳೂ ಹೋಗುವುದಿಲ್ಲ.

ಗುಡಿಯ ಸಭಾಂಗಣದಲ್ಲಿ

ಅರ್ಜಿಗೆ ಸಹಿಗಳು ಬೇಕಿದ್ದವು. ಸದಸ್ಯರೆಂದರೆ ಮನೆಯ ಮಾಲೀಕರು ಮಾತ್ರ, ನಮ್ಮ ಬೈಲಾ ಹಾಗಿದೆ. ಅವರೆಲ್ಲ ಸಹಿ ಹಾಕಿದರೂ ಎಪ್ಪತ್ತು ದಾಟುವುದಿಲ್ಲ. ಇನ್ನೂರಾದರೂ ಇದ್ದರೆ ಅರ್ಜಿಗೆ ತೂಕ ಬರುತ್ತದೆ ಎಂದು ನಮ್ಮ ನಡುವಿನ ವಕೀಲರು ಹೇಳಿದ್ದರಿಂದ, ಬಾಡಿಗೆಗೆ ಇರುವವರನ್ನೂ ಅಂಗಡಿ ಇಟ್ಟವರನ್ನೂ ಕರೆಯೋಣ ಎಂದಾಯಿತು. ಹನುಮಂತ ದೇವರ ಗುಡಿಯ ಸಭಾಂಗಣದಲ್ಲಿ ಭಾನುವಾರ ಸಂಜೆ ಸಭೆ. ಶಿಕ್ಷಣ ಸಂಸ್ಥೆಯ ಪ್ರತಿನಿಧಿಯೂ ತಮ್ಮ ಮಾತು ಹೇಳುತ್ತೇನೆ ಎಂದು ಬಂದರು. ಬರಬೇಡಿರಿ ಎನ್ನುವುದು ಸಭ್ಯತೆಯಲ್ಲ, ಕುರ್ಚಿ ಕೊಟ್ಟೆವು.

ಅವರು ಒಳ್ಳೆಯ ಮಾತುಗಾರರು. ದೊಡ್ಡ ಬಣ್ಣದ ನಕ್ಷೆ ತಂದಿದ್ದರು. ಮೂರು ಅಂತಸ್ತು, ಪ್ರಯೋಗಾಲಯ, ಸಿ.ಬಿ.ಎಸ್.ಇ. ಪಠ್ಯಕ್ರಮ. ಮೈದಾನದ ಕಾಲು ಭಾಗ 'ಕ್ರೀಡಾಂಗಣ'ವಾಗಿ ಉಳಿಯುತ್ತದೆ, ಕಾಂಪೌಂಡಿನ ಒಳಗೆ. ನಿಮ್ಮ ನಿವೇಶನಗಳ ಬೆಲೆ ಏರುತ್ತದೆ ಎಂದಾಗ ಸಭೆಯಲ್ಲಿ ಸಣ್ಣ ಚಲನೆ ಕಾಣಿಸಿತು, ನಾನು ಅದನ್ನು ಕಂಡೆ. ಕೊನೆಗೆ ಹಿಂದಿನ ಸಾಲುಗಳ ಕಡೆ ನೋಡಿ, ಬಡವರ ಮಕ್ಕಳಿಗೂ ಶೇಕಡಾ 25 ಸೀಟು ಇದ್ದೇ ಇರುತ್ತದೆ, ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕಿನ ಕಾನೂನೇ ಇದೆಯಲ್ಲ ಎಂದರು.

ನಮ್ಮ ಸೆಕ್ಟರಿನಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ, ನಾವೆಲ್ಲ ಗುರುಗಳೇ ಎಂದು ಕರೆಯುತ್ತೇವೆ. ಅವರು ಮೆಲ್ಲಗೆ ಎದ್ದರು. "ಆ ಕಾನೂನು 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ ಒಂದಕ್ಕೆ. ನೀವು ಹೇಳುವ ಸೀಟಿನ ಮಾತೂ ಅದರಲ್ಲಿದೆ, ನಿಜ. ಆದರೆ ನಮ್ಮ ರಾಜ್ಯದಲ್ಲಿ 2018ರ ಕೊನೆಗೆ ನಿಯಮ ತಿದ್ದಿದರು. ನೆರೆಹೊರೆಯಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಅನುದಾನರಹಿತ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡಬೇಕಿಲ್ಲ. 2019ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಇಲ್ಲಿ ಹಿಂದಿನ ರಸ್ತೆಯಲ್ಲೇ ಸರ್ಕಾರಿ ಶಾಲೆ ಇದೆ. ಹಾಗಾದರೆ ಆ ಸೀಟು ಎಲ್ಲಿಂದ ಬರುತ್ತದೆ, ತಿಳಿಸಿಕೊಡಿರಿ" ಎಂದು ಕೇಳಿ ಕೂತರು. ಪ್ರತಿನಿಧಿ ವಿಚಾರಿಸಿ ಹೇಳುತ್ತೇವೆ ಎಂದರು. ಮುಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ನಮ್ಮ ಕಡೆ ಗೆದ್ದಿತು ಎಂಬ ಹುರುಪಿನಲ್ಲಿ ಅಧ್ಯಕ್ಷರು ಅರ್ಜಿಯನ್ನು ಓದಿ ಹೇಳಲು ನನಗೆ ಹೇಳಿದರು. ಓದಿದೆ. ನಾಲ್ಕನೆಯ ಅಂಶ ಬಂದಾಗ ದನಿ ತಗ್ಗಿತು, ಆದರೂ ಓದಿದೆ.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಮೂಲೆಯ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಹಿಡಿದು ಖಡಕ್ ರೊಟ್ಟಿ ಬಡಿದು ಮಾರುವ ತಾಯಿ. ನಮ್ಮ ಎಷ್ಟೋ ಮನೆಗಳ ಮದುವೆ ಸೀಮಂತಕ್ಕೆ ರೊಟ್ಟಿ ಅವರದೇ. ಮಗ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ. ಅವರು ಸೆರಗು ಸರಿಮಾಡಿಕೊಂಡು ಅಧ್ಯಕ್ಷರ ಕಡೆ ನೋಡಿ ಕೇಳಿದರು.

"ಕಾಕಾ, ಸಹಿ ಮಾಡಲು ಕರೆದಿರಿ, ಬಂದೆ. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿರಿ. ಅವರು ಶಾಲೆ ಕಟ್ಟಿದರೆ ನನ್ನ ಮಗನಿಗೆ ಒಳಗೆ ಜಾಗ ಇಲ್ಲ ಎಂದು ಗುರುಗಳು ಹೇಳಿದರು. ನೀವು ಮೈದಾನ ಉಳಿಸಿಕೊಂಡರೆ ಅವನಿಗೆ ಜಾಗ ಇದೆಯೇ? ಗೇಟಿನ ಮೇಲೆ ಫಲಕ ಹಾಕಿದ್ದೀರಲ್ಲ. ಹೋದ ತಿಂಗಳು ಅವನನ್ನು ಎಬ್ಬಿಸಿ ಕಳಿಸಿದರು. ಈಗ ನೀವು ಓದಿದ ಹೊರಗಿನ ಮಕ್ಕಳು ಎಂದರೆ ಯಾರು, ಬಸ್ಸಿನಲ್ಲಿ ಬರುವವರೋ, ನನ್ನ ಮಗನೋ?"

ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ. ಫಲಕ ನಾವು ಹಾಕಿದ್ದೇ. ಹಿಂದಿನ ವರ್ಷ ಯಾರೋ ರಾತ್ರಿ ಕುಡಿದು ಬಾಟಲಿ ಒಡೆದರು ಎಂದು ಗೇಟು ಕೂರಿಸಿ, 'ಸೆಕ್ಟರಿನ ನಿವಾಸಿಗಳಿಗೆ ಮಾತ್ರ' ಎಂದು ಹಳದಿ ತಗಡಿನ ಮೇಲೆ ಬರೆಸಿದ್ದೆವು. ಅದರ ಬರಹವೂ ನನ್ನದೇ. ಆಟದ ಅವಧಿಗೆ ಮಾಸ್ತರರ ಜೊತೆ ಸಾಲಾಗಿ ಬರುವ ಮಕ್ಕಳನ್ನು ಯಾರೂ ತಡೆಯುತ್ತಿರಲಿಲ್ಲ. ಆದರೆ ಅದೇ ಮಕ್ಕಳು ಸಂಜೆ ತಾವಾಗಿಯೇ ಬಂದರೆ ಫಲಕ ಅವರಿಗೆ ಅನ್ವಯಿಸುತ್ತಿತ್ತು. ಆ ತಾಯಿ ನಿವಾಸಿಯೇ ಹೌದು, ಹನ್ನೊಂದು ವರ್ಷದಿಂದ ಇಲ್ಲಿ ವಾಸ. ಆದರೆ ಸಂಘದ ಪಟ್ಟಿಯಲ್ಲಿ ಇಲ್ಲ.

ಅಧ್ಯಕ್ಷರು ಏನೋ ಸಮಾಧಾನ ಹೇಳಿದರು. ಆಕೆ ಸಹಿ ಮಾಡದೆ ಹೋದರು, ಅವರ ಹಿಂದೆ ಇನ್ನೂ ಇಪ್ಪತ್ತು ಜನ ಹೋದರು.

ಕಾನೂನು ಯಾರ ಕಡೆ ಇತ್ತು

ಆ ರಾತ್ರಿ ವಕೀಲರ ಮನೆಗೆ ಹೋದೆ. ಅವರು ನನಗೊಂದು ತೀರ್ಪು ತೋರಿಸಿದರು, 1991ರ ಸುಪ್ರೀಂ ಕೋರ್ಟ್ ತೀರ್ಪು, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಅವರ ನಡುವಿನದು. ಬೆಂಗಳೂರಿನ ಸ್ಯಾಂಕಿ ಕೆರೆಯ ಬಳಿ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬುದು ಎದುರಿನವರ ವಾದ, ನಿವಾಸಿಗಳಿಗೆ ಕೇಳುವ ಹಕ್ಕೇ ಇಲ್ಲ ಎಂಬುದೂ ಇನ್ನೊಂದು ವಾದ. ಎರಡೂ ನಿಲ್ಲಲಿಲ್ಲ. ಸಾರ್ವಜನಿಕ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿಯವರ ಕೈಗೆ ಹಾಗೆ ದಾಟಿಸುವಂತಿಲ್ಲ, ಅದನ್ನು ಪ್ರಶ್ನಿಸಲು ಆ ಬಡಾವಣೆಯ ಜನರಿಗೆ ಹಕ್ಕಿದೆ ಎಂದು ನ್ಯಾಯಾಲಯ ಹೇಳಿತು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 1985ರದೇ ಒಂದು ಕಾಯ್ದೆಯೂ ಇದೆ.

ಓದುತ್ತ ಓದುತ್ತ ನನಗೆ ಹೊಳೆದದ್ದು ಇಷ್ಟು. ಆ ನಿವಾಸಿಗಳ ಮಾತು ನಿಂತದ್ದು ಜಾಗ ಎಲ್ಲರದು ಎಂಬ ಕಾರಣಕ್ಕೆ. ನಮ್ಮ ಅರ್ಜಿ ಮೊದಲ ಅಂಶದಲ್ಲಿ ಮೈದಾನ ಸಾರ್ವಜನಿಕ ಎನ್ನುತ್ತದೆ, ನಾಲ್ಕನೆಯದರಲ್ಲಿ ನಮ್ಮದು ಎನ್ನುತ್ತದೆ, ಗೇಟಿನ ಮೇಲಿನ ತಗಡು ಅದನ್ನೇ ದೊಡ್ಡ ಅಕ್ಷರದಲ್ಲಿ ಹೇಳುತ್ತದೆ. ಎದುರಿನ ವಕೀಲರು ಆ ಫಲಕದ ಒಂದು ಚಿತ್ರ ತೆಗೆದು ಕಡತಕ್ಕೆ ಸೇರಿಸಿದರೆ ಸಾಕಿತ್ತು.

ನಾವು ಕೈಬಿಟ್ಟ ಮಾತೇ ಎಲ್ಲಕ್ಕಿಂತ ಗಟ್ಟಿಯಾದದ್ದೂ ಹೌದು. ಶಾಲೆಗೆ ಇರಬೇಕಾದ ಸೌಲಭ್ಯಗಳನ್ನು ಆರ್‌ಟಿಇ ಕಾನೂನು ಪಟ್ಟಿ ಮಾಡುತ್ತದೆ. ಎಲ್ಲ ಕಾಲಕ್ಕೂ ಒಗ್ಗುವ ಕಟ್ಟಡ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಕೋಣೆ, ಗ್ರಂಥಾಲಯ, ಆಟದ ಮೈದಾನ. ಹಿಂದಿನ ರಸ್ತೆಯ ಸರ್ಕಾರಿ ಶಾಲೆಗೆ ಇರುವ ಮೈದಾನ ಇದೊಂದೇ. ಒಂದು ಹೊಸ ಶಾಲೆಗಾಗಿ ಇರುವ ಶಾಲೆಯ ಮೈದಾನವನ್ನು ಕಿತ್ತುಕೊಳ್ಳುವ ಪ್ರಸ್ತಾವ ಇದು. ಹೀಗೆ ನೋಡಿದರೆ ನಾವು ಶಾಲೆಯ ವಿರೋಧಿಗಳೂ ಅಲ್ಲ. ನನಗೆ ಹೊಸ ಶಾಲೆಯ ಮೇಲೆ ಹಗೆಯಿಲ್ಲ. ಊರಿಗೆ ಶಾಲೆ ಎಷ್ಟಿದ್ದರೂ ಹೆಚ್ಚಲ್ಲ. ಮೈದಾನ ಬಿಟ್ಟು ಬೇರೆ ಜಾಗ ಕೊಂಡು ಕಟ್ಟಲಿ, ಮೊದಲ ದಿನ ನಾನೇ ಹೋಗಿ ಶುಭ ಹಾರೈಸಿ ಬರುತ್ತೇನೆ.

ಇನ್ನೊಂದು ಮಾತು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ, ಸಮುದ್ರಮಟ್ಟದಿಂದ ಲೆಕ್ಕ ಹಾಕಿದಂತೆ, 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಹಳ್ಳಿಗಳು ನೀರಿಗೆ ಹೋಗುತ್ತವೆ. ಆ ಜನ ಎತ್ತ ಬರುತ್ತಾರೆ? ಅವರಲ್ಲಿ ಕೆಲವರಾದರೂ ನಮ್ಮ ಕಡೆಗೇ ಬರುತ್ತಾರೆ. ಅವರ ಮಕ್ಕಳು ಟ್ರ್ಯಾಕ್ಟರಿನಿಂದ ಇಳಿದು ಮೊದಲು ಹುಡುಕುವುದು ಒಂದು ಬಯಲನ್ನು, ಒಂದು ನೆರಳನ್ನು.

ತಿದ್ದಿದ ಕಾಗದ

ನಾಲ್ಕನೆಯ ಅಂಶ ತೆಗೆಯಬೇಕು, ಫಲಕವೂ ಹೋಗಬೇಕು ಎಂದು ನಾನು ಸಂಘದಲ್ಲಿ ಹೇಳಿದಾಗ ಸುಲಭವಾಗಿ ಆಗಲಿಲ್ಲ. "ಹನ್ನೆರಡು ದಿನ ಕಳೆದಿವೆ, ಈಗ ಒಡಕು ತರಬೇಡಿರಿ ಅಕ್ಕಾವರೇ" ಎಂದರು ಕಾರ್ಯದರ್ಶಿ. ಬಾಟಲಿ ಒಡೆದವರ ಕಥೆ ಮತ್ತೆ ಬಂತು. ಹೆಣ್ಣುಮಕ್ಕಳು ಸಂಜೆ ನಡೆದಾಡುತ್ತಾರೆ, ಭದ್ರತೆ ಬೇಡವೇ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ಸುಳ್ಳಲ್ಲ, ನಾನೂ ಸಂಜೆ ಅಲ್ಲೇ ನಡೆಯುವವಳು. ಆದರೆ ಬಾಟಲಿ ಒಡೆದವರು ಐದನೆಯ ತರಗತಿಯ ಹುಡುಗರಲ್ಲ, ಫಲಕ ಹಾಕಿದ ಮೇಲೂ ಗಾಜಿನ ಚೂರು ಸಿಕ್ಕಿದೆ, ಕತ್ತಲೆಗೆ ಬೇಕಾದದ್ದು ದೀಪ, ಎರಡು ವರ್ಷದಿಂದ ನಾನು ಬರೆಯುತ್ತಿರುವ ಮನವಿ ಅದೇ ಎಂದೆ. ಮಾತು ಬೆಳೆಯಿತು. ಒಬ್ಬರು ಎದ್ದು ಹೊರಟೇಬಿಟ್ಟರು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ನೋವಿದೆ, ಅವರ ಮನೆಯ ಹಬ್ಬದ ಹೋಳಿಗೆ ತಿಂದು ಬೆಳೆದವಳು ನಾನು.

ಅಧ್ಯಕ್ಷರು ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ಎಪ್ಪತ್ತು ದಾಟಿದೆ, ಅವರದು ಹಳೆಯ ಊರಿನ ಹಳಪೇಟೆ ಓಣಿ. ಕೊನೆಗೆ ಹೋಳಿಯ ಮಾತು ತೆಗೆದರು. ಊರು ಬಿಟ್ಟ ಮೊದಲ ವರ್ಷ ಬಣ್ಣದ ಬಂಡಿಗಳು ಹಳೆಯ ಊರಿನಲ್ಲಿ ಹೊರಟಾಗ ನವನಗರಕ್ಕೆ ಬಂದಿದ್ದ ತಾವೆಲ್ಲ ಅಲ್ಲಿಗೆ ಓಡಿದ್ದು, ಹಲಗೆ ಬಾರಿಸಲು ನಡುವೆ ನುಗ್ಗಿದಾಗ ಯಾರೂ ನೀವೀಗ ಈ ಓಣಿಯವರಲ್ಲ ಎನ್ನಲಿಲ್ಲ ಎಂದು ಹೇಳಿದರು. ಅಷ್ಟು ಹೇಳಿ, "ತೆಗೆದುಬಿಡೋಣ" ಎಂದರು. ಕೈ ಎತ್ತಿಸಿದಾಗ ಹದಿನಾಲ್ಕು ಜನ ಪರ, ಒಂಬತ್ತು ಜನ ವಿರೋಧ.

ಹೊಸ ನಾಲ್ಕನೆಯ ಅಂಶ ಬರೆಯಲು ನನಗೆ ಒಂದು ಇಡೀ ರಾತ್ರಿ ಬೇಕಾಯಿತು. ಸದರಿ ಮೈದಾನವನ್ನು ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಶಾಲೆ ಇಲ್ಲಿಗೆ ಬಂದ ಕಾಲದಿಂದ ತಮ್ಮ ಆಟದ ಮೈದಾನವಾಗಿ ಬಳಸುತ್ತಿದ್ದಾರೆ, ಆ ಶಾಲೆಗೆ ಬೇರೆ ಮೈದಾನವಿಲ್ಲ, ಸುತ್ತಲಿನ ಎಲ್ಲ ಮಕ್ಕಳಿಗೂ ಇದು ತೆರೆದಿದೆ, ಹೀಗೆಯೇ ತೆರೆದಿರಬೇಕು. 'ತೆರೆದಿದೆ' ಎಂದು ಬರೆದು ಪೆನ್ನು ಕೆಳಗಿಟ್ಟೆ. ಅದು ನಿಜವಾಗಬೇಕಾದರೆ ಬೆಳಗಾಗುವುದನ್ನು ಕಾಯಬೇಕಿತ್ತು. ಬೆಳಿಗ್ಗೆ ಏಳಕ್ಕೆ ಕಾರ್ಯದರ್ಶಿಯೇ ಪಾನಾ ಹಿಡಿದು ಬಂದರು. ವಿರೋಧವಾಗಿ ಕೈ ಎತ್ತಿದ್ದವರು ಅವರು, ಆದರೂ ಠರಾವು ಆದ ಮೇಲೆ ಆಯಿತು ಎಂದು ಬಂದರು. ಆ ಗುಣಕ್ಕೆ ನಾನು ತಲೆಬಾಗುತ್ತೇನೆ. ನಾಲ್ಕು ನಟ್ಟುಗಳಲ್ಲಿ ಒಂದು ತುಕ್ಕು ಹಿಡಿದು ಬಿಡಲೇ ಇಲ್ಲ, ತಗಡನ್ನು ಬಗ್ಗಿಸಿ ಕಿತ್ತರು.

ಅರ್ಜಿ ಹಿಡಿದು ಮೂಲೆಯ ಮನೆಗೆ ಹೋದಾಗ ಆಕೆ ರೊಟ್ಟಿ ಬಡಿಯುತ್ತಿದ್ದರು. ಒಲೆಯ ಮುಂದಿನಿಂದ ಏಳದೆ, ಓದಿರಿ ಎಂದರು. ಐದೂ ಅಂಶ ಓದಿದೆ. ನಾಲ್ಕನೆಯದನ್ನು ಇನ್ನೊಮ್ಮೆ ಓದಿಸಿದರು. ಮಗನನ್ನು ಕರೆದು, ಮೈದಾನಕ್ಕೆ ಹೋಗಿ ಗೇಟು ನೋಡಿಕೊಂಡು ಬಾ ಎಂದು ಕಳಿಸಿದರು. ಹುಡುಗ ಓಡಿಹೋದ. ಅವನು ಬರುವ ತನಕ ನಾವಿಬ್ಬರೂ ಮಾತಾಡಲಿಲ್ಲ, ಅವರು ಎರಡು ರೊಟ್ಟಿ ಬಡಿದರು. ಅವನು ಬಂದು ಇಲ್ಲ ಎಂದ ಮೇಲೆ ಕೈ ತೊಳೆದು ಒರೆಸಿಕೊಂಡು, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಆ ದಿನ ಸಂಜೆಯ ಹೊತ್ತಿಗೆ ಸಹಿಗಳು ಇನ್ನೂರಾ ಹದಿನೇಳಾದವು. ಮರುದಿನ, ಹದಿನೈದನೆಯ ದಿನ, ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆವು.

ವಿಚಾರಣೆಗೆ ದಿನಾಂಕ ಇನ್ನೂ ಬಂದಿಲ್ಲ. ಬಂದರೆ ನಾನೂ ಬರುತ್ತೇನೆ ಎಂದಿದ್ದಾರೆ ಆಕೆ. ಆದರೆ ಬೆಳಗಿನ ಹೊತ್ತು ಒಲೆ ಬಿಟ್ಟು ಬರಲಾಗುವುದಿಲ್ಲ, ಹನ್ನೊಂದರ ಮೇಲೆ ಇಟ್ಟುಕೊಳ್ಳಲು ಸಾಹೇಬರಿಗೆ ಹೇಳಿರಿ ಎಂದರು. ಅದಕ್ಕೊಂದು ಮನವಿ ಬರೆಯುತ್ತಿದ್ದೇನೆ.